ಕಂಪ್ಯೂಟರು ನಿಲ್ಲುವುದಕ್ಕೆ ತಡಮಾಡಿದರೆ



ಸ್ಮರಣ ಸಂಚಿಕೆಗೆ ಒಂದು ಉಪಯುಕ್ತವಾದ ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ನಾನು ಆರಿಸಿಕೊಂಡ ವಿಷಯವು ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ಈಗ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಎಷ್ಟೋ ಮನೆಗಳಲ್ಲಿ ಹೊಲಿಗೆಯಂತ್ರದ ಪಕ್ಕದಲ್ಲಿ ಕಂಪ್ಯೂಟರೂ ಬಂದು ಕುಳಿತಿರುವುದಷ್ಟೆ. ಮಗಳ ಕಾಲೇಜಿನ ಪ್ರಬಂಧ, ತಂದೆಯ ಅಡಿಕೆಯ ಲೆಕ್ಕ, ಮದುವೆಯ ಚಿತ್ರಗಳು, ಜಮೀನಿನ ಕಾಗದಗಳ ಪ್ರತಿ, ಇವೆಲ್ಲವೂ ಆ ಒಂದು ಪೆಟ್ಟಿಗೆಯೊಳಗೆ ಸೇರಿರುತ್ತವೆ. ಅದನ್ನು ನಡೆಸುವ ಕ್ರಮವನ್ನು ಕಲಿಸುವವರು ಬಹುಮಂದಿ. ನಿಲ್ಲಿಸುವ ಕ್ರಮವನ್ನು ಕಲಿಸುವವರು ವಿರಳ.

ಹೆತ್ತವರ ಸಭೆಯಲ್ಲಿ ತಾಯಿಯೊಬ್ಬರು ನನ್ನನ್ನು ಕೇಳಿದರು: “ಟೀಚರೇ, ನಮ್ಮ ಮನೆಯ ಕಂಪ್ಯೂಟರು ಬಂದ್ ಆಗಲಿಕ್ಕೆ ಅರ್ಧ ಗಂಟೆ ಬೇಕು. ಇನ್ನು ಅದು ಪ್ರಯೋಜನವಿಲ್ಲ, ಹೊಸತು ತೆಗೆಯಿರಿ ಅಂತ ಹೇಳುತ್ತಾರೆ. ಹೌದೋ?” ಬೀಡಿ ಕಟ್ಟಿ ಕೂಡಿಸಿದ ಹಣದಿಂದ ಆಕೆ ಅದನ್ನು ಕೊಂಡಿದ್ದರು. ಆ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಈ ಪಾಠವೇ ಆ ಉತ್ತರವು.

೧. ಒಂದು ಸಂಜೆಯ ಅವಸರ

ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಯೋಗ್ಯವು. ಮೂರು ವರ್ಷಗಳ ಹಿಂದೆ ನಾವು ಈ ಸಂಚಿಕೆಗಾಗಿ ಹಳೆವಿದ್ಯಾರ್ಥಿನಿಯರ ನೆನಪುಗಳನ್ನು ಕೂಡಿಸಲಾರಂಭಿಸಿದೆವು. ಬೆಳ್ತಂಗಡಿಯ ಕಡೆಯ ವೃದ್ಧಮಾತೆಯೊಬ್ಬರು, ೧೯೫೦ರ ದಶಕದಲ್ಲಿ ನಮ್ಮಲ್ಲಿ ಓದಿದವರು, ಮಳೆಗಾಲದಲ್ಲಿ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಿದ್ದ ದಿವಸಗಳನ್ನು ಹೇಳುತ್ತಾ ಹೋದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕು ಶನಿವಾರ ಅವರ ಬಳಿ ಕುಳಿತು ಕೇಳಿ ಬಂದು, ಶಾಲೆಯ ಕಂಪ್ಯೂಟರಿನಲ್ಲಿ ಅದನ್ನು ಹದಿನಾಲ್ಕು ಪುಟಗಳಾಗಿ ಬೆರಳಚ್ಚು ಮಾಡಿದಳು.

ಜೂನ್ ತಿಂಗಳ ಒಂದು ಸಂಜೆ ನಾನು ಆ ಯಂತ್ರವನ್ನು ನಿಲ್ಲಿಸಲು ಹೇಳಿದೆನು. ಪರದೆಯ ಮೇಲೆ ಬಿಳಿ ಚುಕ್ಕಿಗಳು ಸುತ್ತುತ್ತಿದ್ದವು. ಯಂತ್ರವನ್ನು ಆರಿಸಬಾರದೆಂಬ ಸೂಚನೆಯೂ ಕಾಣುತ್ತಿತ್ತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹೊರಗೆ ಮಳೆ, ಬಸ್ಸಿನ ಹೊತ್ತು ಮೀರುತ್ತಿತ್ತು. ಇದು ಸುಮ್ಮನೆ ಸಿಕ್ಕಿಕೊಂಡಿದೆಯೆಂದು ಎಣಿಸಿ, ಗುಂಡಿಯನ್ನು ಒತ್ತಿ ಹಿಡಿದು ಬಲವಂತವಾಗಿ ಆರಿಸಿ, ಕೊಡೆ ಹಿಡಿದು ಹೊರಟುಹೋದೆನು.

ಮಾರನೆಯ ದಿನ ಯಂತ್ರವು ಎದ್ದು ಬರಲಿಲ್ಲ. ರಿಪೇರಿಗೆ ಕೊಟ್ಟೆವು. ಸರಿಮಾಡಿದವರು ಒಳಗಿದ್ದುದನ್ನು ಬೇಕೋ ಬೇಡವೋ ಎಂದು ಕೇಳದೆ ಡಿಸ್ಕನ್ನು ಪೂರ್ತಿಯಾಗಿ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿ ಕೊಟ್ಟರು. ನಾನೂ ಹೇಳಿರಲಿಲ್ಲ, ಹುಡುಗಿ ಬರೆದುದರ ಬೇರೆ ಪ್ರತಿಯನ್ನು ಇಟ್ಟುಕೊಂಡಿರಲೂ ಇಲ್ಲ. ಪುನಃ ಕೇಳಿ ಬರೆದುಕೊಳ್ಳೋಣವೆಂದು ನಾವು ದಿನ ಗೊತ್ತುಮಾಡುವಷ್ಟರಲ್ಲಿ ಆ ತಾಯಿ ತೀರಿಕೊಂಡರು. ಈ ಸಂಚಿಕೆಯಲ್ಲಿ ಅವರ ನೆನಪುಗಳೆಂದು ಅಚ್ಚಾಗಿರುವ ಅರ್ಧ ಪುಟವು ಆ ಹುಡುಗಿಗೆ ನೆನಪಿದ್ದಷ್ಟು ಮಾತ್ರ.

ಆ ಸಂಜೆ ಯಂತ್ರವು ಸೋಮಾರಿಯಾಗಿರಲಿಲ್ಲ, ಕೆಲಸ ಮಾಡುತ್ತಿತ್ತು. ಅದನ್ನು ತಿಳಿಯದೆ ಇದ್ದವಳು ನಾನು.

೨. ನಿಲ್ಲುವಾಗ ಯಂತ್ರವು ಮಾಡುವ ಕೆಲಸ

ದೀಪದ ಸ್ವಿಚ್ಚನ್ನು ಒತ್ತಿದೊಡನೆ ದೀಪವು ಆರುವುದು. ಕಂಪ್ಯೂಟರೂ ಹಾಗೆಯೇ ಆರಬೇಕೆಂದು ನಾವು ಎಣಿಸುವುದೇ ಮೊದಲನೆಯ ತಪ್ಪು. ಅದು ದೀಪದ ಹಾಗಲ್ಲ, ರಾತ್ರಿಯ ಅಡಿಗೆಮನೆಯ ಹಾಗೆ. ಊಟವಾದ ಕೂಡಲೇ ಗೃಹಿಣಿಯು ಬಾಗಿಲು ಹಾಕಿಕೊಂಡು ಮಲಗುವುದಿಲ್ಲ. ಉಳಿದ ಪದಾರ್ಥವನ್ನು ಮುಚ್ಚಿಡಬೇಕು, ಪಾತ್ರೆಗಳನ್ನು ತೊಳೆಯಬೇಕು, ಬೆಳಗ್ಗಿನ ಅಕ್ಕಿಯನ್ನು ನೆನೆ ಹಾಕಬೇಕು, ಒಲೆಯನ್ನು ನೋಡಬೇಕು. ಯಾವುದೊಂದು ಉಳಿದರೂ ಬೆಳಗ್ಗೆ ತೊಂದರೆ.

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವಿಂಡೋಸ್ ಎಂಬ ವ್ಯವಸ್ಥೆಯು ನಿಲ್ಲುವಾಗ ಹೀಗೆ ನಡೆಯುತ್ತದೆ. ಮೊದಲು ತೆರೆದಿರುವ ಎಲ್ಲಾ ಕಾರ್ಯಕ್ರಮಗಳಿಗೂ, “ನಾನು ಮುಚ್ಚುತ್ತಿರುವೆನು, ನಿಮ್ಮ ಕೆಲಸ ಮುಗಿಸಿರಿ” ಎಂದು ತಿಳಿಸುವುದು. ಬರೆದು ಉಳಿಸದೆ ಬಿಟ್ಟ ಕಾಗದವಿದ್ದರೆ ಆ ಕಾರ್ಯಕ್ರಮವು ನಮ್ಮನ್ನು ಕೇಳುವುದು. ತರುವಾಯ, ಕಣ್ಣಿಗೆ ಕಾಣದೆ ಹಿನ್ನೆಲೆಯಲ್ಲಿ ಓಡುತ್ತಿರುವ ಸೇವೆಗಳಿಗೆ ಅದೇ ಸೂಚನೆ ಹೋಗುವುದು; ಮುದ್ರಣದ ಸೇವೆ, ವೈರಸ್ಸು ತಡೆಯುವ ಸೇವೆ ಮೊದಲಾದವುಗಳು ಇಂಥವು. ಆಮೇಲೆ ನೆನಪಿನಲ್ಲಿದ್ದು ಇನ್ನೂ ಡಿಸ್ಕಿಗೆ ಇಳಿಯದ ಸಂಗತಿಗಳನ್ನೆಲ್ಲಾ ಡಿಸ್ಕಿನಲ್ಲಿ ಬರೆಯುವುದು. ನವೀಕರಣ, ಅಂದರೆ ಅಪ್‌ಡೇಟು, ಬಂದಿದ್ದರೆ ಅದನ್ನು ಜೋಡಿಸುವುದು. ಕಟ್ಟಕಡೆಗೆ ಉಪಕರಣಗಳನ್ನು ಬಿಡಿಸಿ ತನ್ನ ವಿದ್ಯುತ್ತನ್ನು ತಾನೇ ತೆಗೆಯುವುದು.

ಇವುಗಳಲ್ಲಿ ಯಾವುದು ತಡವಾದರೂ ಒಟ್ಟು ತಡವಾಗುವುದು. ಆದುದರಿಂದ “ನನ್ನ ಕಂಪ್ಯೂಟರು ನಿಧಾನ” ಎಂದು ಹೇಳಿ ಸುಮ್ಮನಾಗತಕ್ಕದ್ದಲ್ಲ. “ಯಾವ ಕೆಲಸವು ಮುಗಿಯದೆ ಉಳಿದಿದೆ?” ಎಂದು ಕೇಳತಕ್ಕದ್ದು. ಈ ಪಾಠದ ಸಾರವೆಲ್ಲಾ ಈ ಒಂದೇ ಪ್ರಶ್ನೆಯಲ್ಲಿ ಅಡಗಿದೆ.

೩. ಬೂದಿ ಮುಚ್ಚಿದ ಕೆಂಡ

ನಿಲ್ಲಿಸುವುದು, ಅಂದರೆ ಶಟ್ ಡೌನ್. ನಿಲ್ಲಿಸಿ ಪುನಃ ಎಬ್ಬಿಸುವುದು, ಅಂದರೆ ರೀಸ್ಟಾರ್ಟ್. ಎರಡನೆಯದರಲ್ಲಿ ಮೊದಲನೆಯದೂ ಸೇರಿದೆಯೆಂದೂ ಅದಕ್ಕಿಂತ ಬೇರೆ ವ್ಯತ್ಯಾಸವಿಲ್ಲವೆಂದೂ ಅನೇಕರು ತಿಳಿದಿರುವರು. ೨೦೧೨ರಲ್ಲಿ ವಿಂಡೋಸ್ ೮ ಬಂದಂದಿನಿಂದ ಇದು ನಿಜವಲ್ಲ.

ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡವನ್ನು ಪೂರ್ತಿಯಾಗಿ ಆರಿಸದೆ ಬೂದಿ ಮುಚ್ಚಿ ಇಡುತ್ತಿದ್ದರು. ಬೆಳಗ್ಗೆ ಬೂದಿ ಸರಿಸಿ ಊದಿದರೆ ಬೆಂಕಿ ಬೇಗನೆ ಹತ್ತುತ್ತಿತ್ತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡೂ ಇದೇ ಪ್ರಕಾರದ್ದು. ಶಟ್ ಡೌನ್ ಮಾಡಿದಾಗ ನಮ್ಮ ಕಾರ್ಯಕ್ರಮಗಳು ಮುಚ್ಚುತ್ತವೆ; ಆದರೆ ವ್ಯವಸ್ಥೆಯ ತಿರುಳಿನ ಸ್ಥಿತಿಯನ್ನು ಯಂತ್ರವು ಡಿಸ್ಕಿನ ಒಂದು ಫೈಲಿನಲ್ಲಿ ಬರೆದಿಟ್ಟು, ಮಾರನೆಯ ದಿನ ಅಲ್ಲಿಂದಲೇ ಎತ್ತಿಕೊಳ್ಳುವುದು. ರೀಸ್ಟಾರ್ಟ್ ಮಾಡಿದಾಗ ಮಾತ್ರ ಒಲೆಯನ್ನು ಪೂರ್ತಿಯಾಗಿ ಗುಡಿಸಿ ಹೊಸದಾಗಿ ಬೆಂಕಿ ಹಚ್ಚುವುದು.

ಇದರಿಂದ ಎರಡು ಫಲಗಳುಂಟು. ಒಂದು, ರೀಸ್ಟಾರ್ಟಿಗೆ ಹೆಚ್ಚು ಹೊತ್ತು ಹಿಡಿದರೆ ಅದು ರೋಗವೆಂದು ತಿಳಿಯಬಾರದು. ಎರಡು, ಪ್ರತಿ ರಾತ್ರಿ ಶಟ್ ಡೌನ್ ಮಾಡುವ ಮನೆಯಲ್ಲಿಯೂ ಒಳಗಿನ ತಿರುಳು ವಾರಗಟ್ಟಲೆ ಹಳೆಯದೇ ಆಗಿರುವುದರಿಂದ, ಅಲ್ಲಿ ಹುಟ್ಟಿದ ಸಣ್ಣ ದೋಷವು ಶಟ್ ಡೌನಿನಿಂದ ಹೋಗದೆ ಉಳಿಯುವುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಮ್ಮೆಲೇ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿ.ಪಿ.ಯು. ಎಂಬಲ್ಲಿ ‘ಅಪ್ ಟೈಮ್’ ಎಂದು ಕಾಣುವುದೇ ಆ ತಿರುಳು ಎಷ್ಟು ಕಾಲದಿಂದ ಎಚ್ಚತ್ತಿದೆಯೆಂಬ ಲೆಕ್ಕ. ಅಲ್ಲಿ ಇಪ್ಪತ್ತು ದಿವಸವೆಂದು ಕಂಡರೆ ಆಶ್ಚರ್ಯಪಡಬೇಡಿರಿ. ಮೊದಲನೆಯ ಮದ್ದೆಂದು ಒಮ್ಮೆ ರೀಸ್ಟಾರ್ಟ್ ಮಾಡಿರಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಕೆಲಸವಾಗುವುದು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡು ಶಟ್ ಡೌನ್ ಆರಿಸಿದರೆ ಆ ಒಂದು ಸಾರಿಗೆ ಪೂರ್ಣವಾದ ಶಟ್ ಡೌನ್ ಆಗುವುದೆಂಬುದನ್ನೂ ನೆನಪಿಡಿರಿ.

೪. ಕಾರಣವನ್ನು ಹುಡುಕುವ ಕ್ರಮ

ರೀಸ್ಟಾರ್ಟಿನಿಂದ ಗುಣವಾಗದಿದ್ದರೆ ಪರೀಕ್ಷೆ ಆರಂಭಿಸಬೇಕು. ಒಂದು ನೋಟ್‌ಪುಸ್ತಕವನ್ನೂ ಗಡಿಯಾರವನ್ನೂ ಹತ್ತಿರ ಇಟ್ಟುಕೊಳ್ಳಿರಿ. ಒಂದು ಸಾರಿಗೆ ಒಂದನ್ನೇ ಬದಲಿಸಿ, ಯಂತ್ರವು ನಿಲ್ಲಲು ಹಿಡಿದ ಹೊತ್ತನ್ನು ಬರೆದಿಡಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದವರಿಗೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯದು. ವಿಜ್ಞಾನದ ತರಗತಿಯಲ್ಲಿ ನೀವು ಕಲಿತ ಪ್ರಯೋಗದ ನಿಯಮವೂ ಇದೇ ಅಲ್ಲವೇ?

(ಅ) ತೆರೆದಿರುವ ಕಾರ್ಯಕ್ರಮಗಳು. ನಿಲ್ಲಿಸುವಾಗ ಪರದೆಯ ಮೇಲೆ ಯಾವುದಾದರೊಂದು ಕಾರ್ಯಕ್ರಮದ ಹೆಸರೂ ಅದರ ಕೆಳಗೆ ‘ಶಟ್ ಡೌನ್ ಎನಿವೇ’, ‘ಕ್ಯಾನ್ಸಲ್’ ಎಂಬ ಎರಡು ಗುಂಡಿಗಳೂ ಕಂಡರೆ, ಯಂತ್ರವು ತಡೆದವನನ್ನು ತೋರಿಸಿಕೊಟ್ಟಿದೆಯೆಂದು ತಿಳಿಯಿರಿ. ಅವಸರದಿಂದ ಮೊದಲನೆಯದನ್ನು ಒತ್ತಿದರೆ ಉಳಿಸದ ಬರಹ ಹೋದೀತು. ಕ್ಯಾನ್ಸಲ್ ಮಾಡಿ ಹಿಂದಕ್ಕೆ ಹೋಗಿ, ಬರಹವನ್ನು ಉಳಿಸಿ, ಆ ಕಾರ್ಯಕ್ರಮವನ್ನು ನಿಮ್ಮ ಕೈಯಿಂದಲೇ ಮುಚ್ಚಿ, ತರುವಾಯ ನಿಲ್ಲಿಸಿರಿ.

(ಆ) ಹೊರಗಿನ ಉಪಕರಣಗಳು. ಪೆನ್ ಡ್ರೈವು, ಹೊರಗಿನ ಡಿಸ್ಕು, ಪ್ರಿಂಟರು ಇವುಗಳನ್ನು ಕ್ರಮವಾಗಿ ಬಿಡಿಸಿ ಪರೀಕ್ಷಿಸಿರಿ. ಕಾಗದವಿಲ್ಲದೆ ನಿಂತ ಮುದ್ರಣದ ಕೆಲಸವೊಂದು ಸರದಿಯಲ್ಲಿ ಉಳಿದಿದ್ದರೆ ಮುದ್ರಣದ ಸೇವೆಯು ಬಿಡದೆ ಕಾಯುವುದುಂಟು. ಆ ಸರದಿಯನ್ನು ಖಾಲಿ ಮಾಡಬೇಕು. ರೀಸ್ಟಾರ್ಟ್ ಮಾಡಿದಾಗ ಕಪ್ಪು ಪರದೆಯಲ್ಲೇ ಯಂತ್ರವು ನಿಂತರೆ, ಮರೆತುಬಿಟ್ಟ ಪೆನ್ ಡ್ರೈವಿನಿಂದ ಎದ್ದೇಳಲು ಅದು ಯತ್ನಿಸುತ್ತಿರಬಹುದು. ಅದನ್ನು ತೆಗೆದು ನೋಡಿರಿ.

(ಇ) ಕರೆಯದೆ ಬಂದ ಅತಿಥಿಗಳು. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ವಿಭಾಗದಲ್ಲಿ, ಯಂತ್ರವು ಎದ್ದೊಡನೆ ತಾವಾಗಿಯೇ ಏಳುವ ಕಾರ್ಯಕ್ರಮಗಳ ಪಟ್ಟಿಯುಂಟು. ಬೇಡವಾದವುಗಳನ್ನು ‘ಡಿಸೇಬಲ್’ ಮಾಡಿರಿ. ಅವು ಅಳಿದುಹೋಗುವುದಿಲ್ಲ, ಕರೆದಾಗ ಮಾತ್ರ ಬರುವವು. ವೈರಸ್ಸು ತಡೆಯುವ ಕಾರ್ಯಕ್ರಮಗಳು ಎರಡಿದ್ದರೆ ಒಂದನ್ನು ತೆಗೆದುಹಾಕಿರಿ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಿದ್ದು ಪರಸ್ಪರರನ್ನು ತಡೆಯುವುದರಿಂದ ಮನೆಗೆ ಭದ್ರತೆ ಹೆಚ್ಚುವುದಿಲ್ಲ.

(ಈ) ನವೀಕರಣಗಳು. ವಿಂಡೋಸಿನ ಮಾಸಿಕ ನವೀಕರಣವು ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರಡುವುದು. ಅಮೇರಿಕದ ಬೆಳಗ್ಗೆ ನಮಗೆ ರಾತ್ರಿಯಾದುದರಿಂದ ಅದು ನಮ್ಮ ಯಂತ್ರಗಳಿಗೆ ಬುಧವಾರದಿಂದ ತಲಪುವುದು. ಆ ವಾರದಲ್ಲಿ ಮಾತ್ರ ತಡವಾಗಿ, ಉಳಿದ ದಿನಗಳಲ್ಲಿ ಬೇಗನೆ ನಿಲ್ಲುವುದಾದರೆ ಯಂತ್ರದಲ್ಲಿ ದೋಷವೇ ಇಲ್ಲ. ನಾನು ಗುಂಡಿ ಒತ್ತಿದ ಆ ಸಂಜೆಯು ಇಂಥ ಬುಧವಾರವಾಗಿತ್ತೆಂದು ಆಮೇಲೆ ಕ್ಯಾಲೆಂಡರು ನೋಡಿ ತಿಳಿದುಕೊಂಡೆನು. ಅವಸರವಿದ್ದಾಗ ಪಟ್ಟಿಯಲ್ಲಿ ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಎಂಬುದರ ಜೊತೆಗೆ ಬರೀ ‘ಶಟ್ ಡೌನ್’ ಎಂಬುದೂ ಇದ್ದರೆ ಎರಡನೆಯದನ್ನು ಆರಿಸಿರಿ. ಮೊದಲನೆಯದನ್ನು ಬಿಡುವಿನ ದಿನಕ್ಕೆ ಇಡಿರಿ. ಆದರೆ ಎಂದೆಂದಿಗೂ ಮುಂದೂಡುವುದು ಸರಿಯಲ್ಲ; ನವೀಕರಣದಲ್ಲಿ ಕಳ್ಳರನ್ನು ತಡೆಯುವ ಚಿಲಕಗಳೂ ಇರುತ್ತವೆ.

(ಉ) ಡಿಸ್ಕಿನ ಸ್ಥಿತಿ. ಟಾಸ್ಕ್ ಮ್ಯಾನೇಜರಿನಲ್ಲಿ ‘ಡಿಸ್ಕ್’ ಎಂಬುದರ ಎದುರಿಗೆ ನೂರು ಶೇಕಡಾ ಎಂದು ಬಹಳ ಹೊತ್ತು ನಿಂತಿದ್ದರೆ ದೋಷವು ಅಲ್ಲಿದೆಯೆಂದು ಊಹಿಸಬಹುದು. ಸಿ ಎಂಬ ವಿಭಾಗದಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಜಾಗವಿದ್ದರೆ, ಬೇಡವಾದುದನ್ನು ತೆಗೆದು ಜಾಗ ಮಾಡಿರಿ. ಡಿಸ್ಕಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿದ್ದರೆ ಬೇರೆ ಯಾವ ಪರೀಕ್ಷೆಯನ್ನೂ ಮಾಡದೆ ಮೊದಲು ನಿಮ್ಮ ಫೈಲುಗಳನ್ನು ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳಿರಿ.

(ಊ) ಯಂತ್ರದ ದಿನಚರಿ. ಇಷ್ಟಾದರೂ ಕಾರಣ ತಿಳಿಯದಿದ್ದರೆ, ಯಂತ್ರವೇ ಬರೆದಿಟ್ಟ ದಿನಚರಿಯನ್ನು ಓದಬಹುದು. ಇವೆಂಟ್ ವ್ಯೂವರ್ ಎಂಬುದನ್ನು ತೆರೆದು, ‘ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್’, ‘ಮೈಕ್ರೋಸಾಫ್ಟ್’, ‘ವಿಂಡೋಸ್’, ‘ಡಯಾಗ್ನೋಸ್ಟಿಕ್ಸ್ ಪರ್ಫಾರ್ಮೆನ್ಸ್’, ‘ಆಪರೇಷನಲ್’ ಎಂಬ ಮೆಟ್ಟಲುಗಳನ್ನು ಕ್ರಮವಾಗಿ ಇಳಿಯಿರಿ. ೨೦೦ ಎಂಬ ಸಂಖ್ಯೆಯ ಟಿಪ್ಪಣಿಯಲ್ಲಿ ಯಂತ್ರವು ನಿಲ್ಲಲು ಹಿಡಿದ ಹೊತ್ತು ಮಿಲಿಸೆಕೆಂಡುಗಳಲ್ಲಿ ಇರುವುದು. ಸಾವಿರ ಮಿಲಿಸೆಕೆಂಡಿಗೆ ಒಂದು ಸೆಕೆಂಡು. ಅದರ ಮುಂದಿನ ಸಂಖ್ಯೆಗಳ ಟಿಪ್ಪಣಿಗಳಲ್ಲಿ ತಡಮಾಡಿದ ಕಾರ್ಯಕ್ರಮದ ಅಥವಾ ಸೇವೆಯ ಹೆಸರು ಸಿಕ್ಕೀತು. ಇನ್ನು, ‘ವಿಂಡೋಸ್ ಲಾಗ್ಸ್’ ಎಂಬುದರ ‘ಸಿಸ್ಟಮ್’ ವಿಭಾಗದಲ್ಲಿ ಕರ್ನಲ್ ಪವರ್ ೪೧ ಎಂಬ ಟಿಪ್ಪಣಿಯಿದ್ದರೆ, ಹಿಂದಿನ ಸಾರಿ ಯಂತ್ರವು ಕ್ರಮವಾಗಿ ನಿಲ್ಲದೆ ಥಟ್ಟನೆ ಆರಿತ್ತೆಂದು ಅರ್ಥ. ಮನೆಯಲ್ಲಿ ಯಾರು ಗುಂಡಿ ಒತ್ತಿದರೆಂದು ಅದು ಹೇಳದು. ಒತ್ತಿದವರು ತಾವೇ ಒಪ್ಪಿಕೊಳ್ಳತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ. ಹಿನ್ನೆಲೆಯ ಸೇವೆಗಳಿಗಾಗಿ ಯಂತ್ರವು ಕಾಯುವ ಹೊತ್ತನ್ನು ರಿಜಿಸ್ಟ್ರಿ ಎಂಬ ಒಳಕೋಶದಲ್ಲಿ ಬರೆದಿರುತ್ತದೆ. ವಿಂಡೋಸ್ ೮ರ ತರುವಾಯ ಇದು ಐದು ಸೆಕೆಂಡು. ಆ ಅಂಕಿಯನ್ನು ಇಳಿಸಿದರೆ ವೇಗ ಬರುವುದೆಂದು ಕೆಲವರು ಬೋಧಿಸುವರು. ಅದು ಕಾರಣವನ್ನು ಹೋಗಲಾಡಿಸುವುದಿಲ್ಲ; ಕೆಲಸ ಮುಗಿಸುತ್ತಿರುವವರನ್ನು ಮುಗಿಯುವ ಮುಂಚೆಯೇ ಹೊರಗೆ ದೂಡುತ್ತದೆ. ಮನೆಯ ಯಂತ್ರದಲ್ಲಿ ಅದನ್ನು ಮುಟ್ಟಬೇಡಿರಿ. ಇದಕ್ಕೆ ಬೇರೆಯಾದ ಒಂದು ಏರ್ಪಾಡುಂಟು: ನಿಲ್ಲುವಾಗ ಪೇಜ್ ಫೈಲ್ ಎಂಬುದನ್ನು ಪೂರ್ತಿಯಾಗಿ ಅಳಿಸುವುದು. ಇದು ಸಾಮಾನ್ಯವಾಗಿ ಇರುವುದಿಲ್ಲ. ಹಿಂದೆ ಯಾವುದೋ ಕಚೇರಿಯಲ್ಲಿದ್ದ ಹಳೆಯ ಯಂತ್ರವನ್ನು ಕೊಂಡವರಿಗೆ ಕಂಡೀತು. ಎಂಟು ಜಿ.ಬಿ.ಯ ಫೈಲನ್ನು ಸೆಕೆಂಡಿಗೆ ನೂರು ಎಂ.ಬಿ.ಯಂತೆ ಅಳಿಸಲು ಎಂಬತ್ತು ಸೆಕೆಂಡು ಬೇಕು. ಪ್ರತಿ ಸಂಜೆಯೂ ಅಷ್ಟು ತಡ. ಬಲ್ಲವರಿಂದ ಅದನ್ನು ತೆಗೆಸಬಹುದು.

ನಮ್ಮ ಹಳೆವಿದ್ಯಾರ್ಥಿನಿಯರಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಅಧ್ಯಾಪಿಕೆಯರಾಗಿರುವವರಿಗೂ ಒಂದು ಮಾತು. ಕೇರಳದ ಶಾಲೆಗಳಲ್ಲಿ ವಿಂಡೋಸಿಗೆ ಬದಲಾಗಿ ಉಬುಂಟುವನ್ನು ಆಧರಿಸಿದ ಸ್ವತಂತ್ರ ವ್ಯವಸ್ಥೆಯು ಬಳಕೆಯಲ್ಲಿದೆ. ಅದು ನಿಲ್ಲುವಾಗ ‘ಸ್ಟಾಪ್ ಜಾಬ್’ ಎಂಬ ಸಾಲು ಕಂಡು, ಪಕ್ಕದಲ್ಲಿ ಸೆಕೆಂಡುಗಳು ಏರುತ್ತಾ ಒಂದೂವರೆ ನಿಮಿಷದ ಗಡುವು ಕಾಣಬಹುದು. ಯಾವುದೋ ಒಂದು ಸೇವೆಯು ನಿಲ್ಲಲೊಲ್ಲದೆ ಇರುವುದರಿಂದ ಅದಕ್ಕೆ ಕೊಟ್ಟ ತೊಂಬತ್ತು ಸೆಕೆಂಡಿನ ಅವಧಿಯು ಅದು. ಆ ಸಾಲಿನಲ್ಲೇ ಸೇವೆಯ ಹೆಸರಿರುವುದು, ಬರೆದಿಟ್ಟುಕೊಳ್ಳಿರಿ. ವ್ಯವಸ್ಥೆ ಬೇರೆಯಾದರೂ ಕೇಳಬೇಕಾದ ಪ್ರಶ್ನೆ ಅದೇ.

೫. ಎಷ್ಟು ಹೊತ್ತು ಕಾಯಬೇಕು?

ಇದು ಎಲ್ಲರೂ ಕೇಳುವ ಪ್ರಶ್ನೆ. ಹೊಸ ಬಗೆಯ ಡಿಸ್ಕಿರುವ ಯಂತ್ರವು ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ನಿಲ್ಲಬೇಕು. ಹಳೆಯ ಬಗೆಯದಕ್ಕೆ ಒಂದೆರಡು ನಿಮಿಷ ಹಿಡಿದೀತು. ನವೀಕರಣದ ಸೂಚನೆಯಿದ್ದರೆ ಹಳೆಯ ಯಂತ್ರದಲ್ಲಿ ಒಂದು ಗಂಟೆಯಾದರೂ ಕಾಯಿರಿ. ಯಂತ್ರದ ಮೈಮೇಲೆ ಡಿಸ್ಕಿನ ಸಣ್ಣ ದೀಪವಿದ್ದರೆ ಅದನ್ನು ನೋಡಿರಿ. ಅದು ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ, ಕೈ ಹಾಕಬಾರದು. ದೀಪವೂ ಮಿನುಗದೆ, ಪರದೆಯ ಮೇಲಿನ ಶೇಕಡಾ ಅಂಕಿಯೂ ಬದಲಾಗದೆ ಎರಡು ಗಂಟೆಗಳಾದರೆ ಆಗ ಮಾತ್ರ ಗುಂಡಿಯನ್ನು ಆರುವವರೆಗೆ ಒತ್ತಿ ಹಿಡಿಯಬಹುದು. ನವೀಕರಣವಿಲ್ಲದ ಸಾಮಾನ್ಯ ದಿನದಲ್ಲಾದರೆ ಕಾಲು ಗಂಟೆ ಕಾದರೆ ಸಾಕು. ಇದು ಕೊನೆಯ ಉಪಾಯವೇ ಹೊರತು ನಿತ್ಯದ ಅಭ್ಯಾಸವಾಗಬಾರದು.

ಲ್ಯಾಪ್‌ಟಾಪು ನಿಲ್ಲುತ್ತಿರುವಾಗಲೇ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡುವ ಕಾಲೇಜು ಕನ್ಯೆಯರು ನಮ್ಮಲ್ಲಿದ್ದಾರೆ. ಅದರ ದೀಪವು ಆರಿದ ಮೇಲೆಯೇ ಚೀಲಕ್ಕೆ ಹಾಕಿರಿ. ಇಲ್ಲವಾದರೆ ಒಳಗೆ ಬಿಸಿಯೇರಿ ಬ್ಯಾಟರಿಯೂ ಖಾಲಿಯಾಗುವುದು.

೬. ನಮ್ಮ ಸೀಮೆಯ ಮಳೆಯೂ ಮಿಂಚೂ

ಪಶ್ಚಿಮ ಘಟ್ಟದ ಬುಡದಲ್ಲಿರುವ ನಮಗೆ ಇನ್ನೊಂದು ಚಿಂತೆಯೂ ಉಂಟು. ಮೇ ತಿಂಗಳ ಸಂಜೆಗಳಲ್ಲಿಯೂ ಮಳೆಗಾಲವು ಹಿಂದೆಗೆಯುವ ಅಕ್ಟೋಬರಿನಲ್ಲಿಯೂ ಸಿಡಿಲು ಹೆಚ್ಚು. ಗುಡುಗು ಕೇಳಿದೊಡನೆ ತಾಯಂದಿರು ಎದ್ದು ಹೋಗಿ ಪ್ಲಗ್ಗನ್ನು ಕೀಳುವುದನ್ನು ನೋಡಿದ್ದೇನೆ. ಕೀಳುವುದು ಸರಿಯೇ, ಆದರೆ ಯಂತ್ರವನ್ನು ನಿಲ್ಲಿಸಿ, ಅದು ನಿಂತ ಮೇಲೆ ಕೀಳಬೇಕು. ಆದುದರಿಂದ ಮೊದಲ ಗುಡುಗು ದೂರದಲ್ಲಿರುವಾಗಲೇ ನಿಲ್ಲಿಸುವುದು ಜಾಣತನ. ವಿದ್ಯುತ್ತಿನ ತಂತಿಯೊಡನೆ ಇಂಟರ್‌ನೆಟ್ಟಿನ ತಂತಿಯನ್ನೂ ಬಿಡಿಸಿರಿ. ಸಿಡಿಲು ನೆತ್ತಿಯ ಮೇಲೆಯೇ ಬಂದಿದ್ದರೆ ಮಾತ್ರ ಯಂತ್ರದ ಹತ್ತಿರವೇ ಹೋಗಬೇಡಿರಿ. ಮನುಷ್ಯನ ಜೀವವು ಫೈಲಿಗಿಂತ ದೊಡ್ಡದು.

ಮೇಜಿನ ಕಂಪ್ಯೂಟರಿಗೆ ಯು.ಪಿ.ಎಸ್. ಎಂಬ ಬ್ಯಾಟರಿ ಪೆಟ್ಟಿಗೆ ಅವಶ್ಯವು. ಕರೆಂಟು ಹೋದ ಮೇಲೆ ಅದು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ನಡೆಸೀತು. ಅದು ಕೆಲಸವನ್ನು ಮುಂದುವರಿಸುವುದಕ್ಕೆ ಕೊಟ್ಟ ಹೊತ್ತಲ್ಲ, ಕ್ರಮವಾಗಿ ನಿಲ್ಲಿಸುವುದಕ್ಕೆ ಕೊಟ್ಟ ಹೊತ್ತು. ಅದರ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ಬಲಗುಂದುವುದರಿಂದ, ವರ್ಷಕ್ಕೊಂದು ಸಾರಿ ಮಳೆಗಾಲದ ಮುಂಚೆ ಪರೀಕ್ಷಿಸಿರಿ.

೭. ಹೊಸತನ್ನು ಕೊಳ್ಳಬೇಕೋ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸುತ್ತು ತಿರುಗುತ್ತವೆ. ೭೨೦೦ ಎಂದಿಟ್ಟುಕೊಂಡರೂ ಸೆಕೆಂಡಿಗೆ ೧೨೦ ಸುತ್ತು. ಅಲ್ಲಲ್ಲಿ ಚದರಿದ ಒಂದೊಂದು ಚೂರನ್ನು ಬರೆಯಲು ಅದರ ಮುಳ್ಳು ಸರಿಯಬೇಕು, ಆ ಜಾಗವು ತಿರುಗಿ ಬರುವ ತನಕ ಕಾಯಬೇಕು. ಆದುದರಿಂದ ಸೆಕೆಂಡಿಗೆ ಸುಮಾರು ನೂರು ಚೂರುಗಳಿಗಿಂತ ಹೆಚ್ಚನ್ನು ಅದು ಬರೆಯಲಾರದು. ಆರು ಸಾವಿರ ಚೂರುಗಳಿದ್ದರೆ ಒಂದು ನಿಮಿಷ ಬೇಕೆಂದು ಆರನೆಯ ತರಗತಿಯ ಮಗುವೂ ಲೆಕ್ಕ ಹಾಕೀತು. ಎಸ್.ಎಸ್.ಡಿ. ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸೆಕೆಂಡಿಗೆ ಸಾವಿರಾರು ಚೂರುಗಳನ್ನು ಬರೆಯುವುದು.

ಆ ತಾಯಿಯ ಮನೆಯ ಯಂತ್ರದಲ್ಲಿ ಇದ್ದುದು ಹಳೆಯ ಹಾರ್ಡ್ ಡಿಸ್ಕು. ನಮ್ಮ ಗಣಿತದ ಅಧ್ಯಾಪಿಕೆಯೂ ನಾನೂ ಅಲ್ಲಿಗೆ ಹೋಗಿ ಮೇಲಿನ ಕ್ರಮದಲ್ಲಿ ಪರೀಕ್ಷಿಸಿದೆವು. ಎರಡನೆಯ ವೈರಸ್ಸುನಿರೋಧಕವನ್ನು ತೆಗೆದಾಗ ಅರ್ಧ ಗಂಟೆಯು ಆರು ನಿಮಿಷಕ್ಕೆ ಇಳಿಯಿತು. ಫೈಲುಗಳನ್ನೆಲ್ಲಾ ನಕಲು ಮಾಡಿಕೊಂಡು, ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಎಸ್.ಎಸ್.ಡಿ. ಹಾಕಿಸಿದ ಮೇಲೆ ಅದು ಇಪ್ಪತ್ತು ಸೆಕೆಂಡಿನಲ್ಲಿ ನಿಲ್ಲುವುದು. ಆಕೆಯ ಮಗಳು ಅದರಲ್ಲಿಯೇ ತನ್ನ ಪದವಿಯ ಓದನ್ನು ನಡೆಸುತ್ತಿರುವಳು.

ಎಲ್ಲಾ ಯಂತ್ರಗಳಿಗೂ ಇಷ್ಟೇ ಸಾಕೆಂದು ಹೇಳಲಾರೆನು. ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ ೧೧ರ ನಿಬಂಧನೆಗಳಿಗೆ ಹೊಂದುವುದಿಲ್ಲ. ಹಾಗಿದ್ದಾಗ ಉಬುಂಟುವಿನಂಥ ವ್ಯವಸ್ಥೆಗೆ ಹೋಗಬೇಕೋ ಹೊಸ ಯಂತ್ರ ಕೊಳ್ಳಬೇಕೋ ಎಂದು ಮನೆಯವರು ಆಲೋಚಿಸಬೇಕು. ಆದರೆ ನಿಲ್ಲಲು ತಡವಾಗುತ್ತದೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ಗುಜರಿಗೆ ಹಾಕತಕ್ಕದ್ದಲ್ಲ. ರಿಪೇರಿಗೆ ಕೊಡುವಾಗ, “ಒಳಗಿರುವುದನ್ನು ಅಳಿಸಬೇಡಿರಿ, ಅಳಿಸಬೇಕಾದರೆ ಮೊದಲು ತಿಳಿಸಿರಿ” ಎಂದು ಚೀಟಿ ಬರೆದು ಯಂತ್ರಕ್ಕೆ ಅಂಟಿಸಿರಿ. ನಾನು ಬರೆಯದೆ ಇದ್ದುದು ಆ ಒಂದು ಚೀಟಿಯೇ.

೮. ಎರಡನೆಯ ಪ್ರತಿ

ಕೊನೆಯ ಪಾಠಕ್ಕೆ ನಮ್ಮ ಮೂಡಬಿದಿರೆಯೇ ಸಾಕ್ಷಿ. ಜೈನರ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಪ್ರತಿಗಳು ಅಲ್ಲಿಯ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಹೊರಗೆಲ್ಲಿಯೂ ಅವು ದೊರೆಯುತ್ತಿರಲಿಲ್ಲ. ಹುಳುವಿನಿಂದಲೋ ಬೆಂಕಿಯಿಂದಲೋ ಆ ಗರಿಗಳು ಕೆಟ್ಟಿದ್ದರೆ ಗ್ರಂಥವೇ ಲೋಕದಿಂದ ಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬಹುಶ್ರಮದಿಂದ ಅವುಗಳ ನಕಲುಗಳು ಸಿದ್ಧವಾದವು. ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಂದವು. ಕಾಯುವುದು ಎಷ್ಟು ಅವಶ್ಯವೋ ನಕಲು ಮಾಡುವುದೂ ಅಷ್ಟೇ ಅವಶ್ಯವೆಂದು ಆ ಊರು ನಮಗೆ ಕಲಿಸುವುದು.

ಈಗ ನಮ್ಮ ಶಾಲೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಆ ವಾರದ ಬರಹಗಳು ಹೊರಗಿನ ಡಿಸ್ಕಿಗೆ ನಕಲಾಗುತ್ತವೆ. ಆ ಡಿಸ್ಕು ಕಂಪ್ಯೂಟರಿನ ಪಕ್ಕದಲ್ಲಿರದೆ ಬೇರೆ ಕೋಣೆಯ ಕಪಾಟಿನಲ್ಲಿರುತ್ತದೆ. ತರುವಾಯ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಯಂತ್ರಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ನಿಲ್ಲಿಸಿ, ಹಿಡಿದ ಹೊತ್ತನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುವರು. ಮೊದಲನೆಯ ವರ್ಷ ಆ ಪುಸ್ತಕವನ್ನು ಇಟ್ಟವಳು ಆ ಹದಿನಾಲ್ಕು ಪುಟಗಳನ್ನು ಬರೆದ ಹುಡುಗಿಯೇ.

ಅಭ್ಯಾಸ

೧. ಪ್ರತಿ ರಾತ್ರಿ ಶಟ್ ಡೌನ್ ಮಾಡುವ ಯಂತ್ರದಲ್ಲಿ ‘ಅಪ್ ಟೈಮ್’ ಹದಿನೆಂಟು ದಿವಸವೆಂದು ಕಾಣುವುದೇಕೆ?
೨. ಈ ತಿಂಗಳ ಎರಡನೆಯ ಮಂಗಳವಾರ ಯಾವ ತಾರೀಕಿಗೆ ಬರುವುದು? ಅದನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ.
೩. ನಿಮ್ಮ ಮನೆಯ ಯಂತ್ರವು ನಿಲ್ಲಲು ಎಷ್ಟು ಸೆಕೆಂಡು ಹಿಡಿಯುವುದು? ಮೂರು ದಿವಸ ಬರೆದು ಸರಾಸರಿ ತೆಗೆಯಿರಿ.
೪. ನವೀಕರಣವು ನಡೆಯುತ್ತಿರುವಾಗ ಕರೆಂಟು ಹೋಗಿದೆ, ಯು.ಪಿ.ಎಸ್. ಹತ್ತು ನಿಮಿಷ ಮಾತ್ರ ನಡೆಸೀತು. ಈ ಅಪಾಯವನ್ನು ಮೊದಲೇ ತಪ್ಪಿಸುವುದು ಹೇಗೆ?
೫. ನಿಮ್ಮ ಮನೆಯಲ್ಲಿ ಒಂದೇ ಪ್ರತಿಯಿರುವ, ಹೋದರೆ ಪುನಃ ಸಿಗಲಾರದ ಫೈಲು ಯಾವುದು? ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬೇಡ. ಎದ್ದು ಹೋಗಿ ಇಂದೇ ಅದರ ನಕಲು ಮಾಡಿರಿ.